ಅಪ್ಪನ ದ್ರಾಕ್ಷಿ ಬಳ್ಳಿ

ಫೆಬ್ರವರಿ ೯, ಸೋಮವಾರ. ಇಂದು ಕಂಡದ್ದನ್ನು ಕಂಡಂತೆಯೇ ದಾಖಲಿಸುವುದಷ್ಟೇ ಈ ಬರಹದ ಉದ್ದೇಶ.

ಕಾಲೇಜಿನಿಂದ ಬಂದಾಗ, ಇಲ್ಲಿನ ಚರ್ಚಿನ ಪಾಸ್ಟರ್ ಆಗಿದ್ದು ತೀರಿಹೋದ ಅಪ್ಪ ಬೆಳೆಸಿದ ದ್ರಾಕ್ಷಿ ಬಳ್ಳಿ ಬೋಳಾಗಿ ನಿಂತಿತ್ತು. ಅಮ್ಮನ ಕೈಯಲ್ಲಿ ಕತ್ತರಿ.

"ಏನಮ್ಮ ಇದು! ಇದೇ ತಿಂಗಳು ಈ ಪಾಸ್ಟರ್ ಮನೆ ಬಿಟ್ಟುಕೊಡಬೇಕು. ಯಾರಿಗೋಸ್ಕರ?"

"ಹೊಸ ಪಾಸ್ಟರ್ ಮಕ್ಕಳು ತಿನ್ನಲಿ. ಈಗ ಕತ್ತರಿಸದಿದ್ರೆ ಹಣ್ಣು ಬಿಡಲ್ಲ ಕಣೇ. ಫಸ್ಟ್ ರ‍್ಯಾಂಕಿನವಳಿಗೆ ಇಷ್ಟೂ ಗೊತ್ತಿಲ್ವಾ?"

ಕತ್ತರಿಸಿದ ತುದಿಗಳಲ್ಲಿ ನೀರು ಜಿನುಗುತ್ತಿತ್ತು. "ಅಳ್ತಿದೆ," ಎಂದೆ.

"ಜೀವ ಇದೆ," ಎಂದರು ಅಮ್ಮ.

ತಾಳ್ಮೆಯ ಕುರಿತ ಬೈಬಲ್ ವಚನಗಳನ್ನು ತಪ್ಪಿಲ್ಲದೆ ಒಪ್ಪಿಸಿ ಚರ್ಚಿನ ಸಭೆಯಲ್ಲಿ ಬಹುಮಾನ ಗೆದ್ದವಳು ನಾನು. ಆ ತಾಳ್ಮೆಯ ಕೈಯಲ್ಲಿ ಕತ್ತರಿ ಇರಬಹುದೆಂದು ಎಂದೂ ಊಹಿಸಿರಲಿಲ್ಲ.

ಅಮ್ಮ ಒಂದು ಕೊಂಬೆ ಉಳಿಸಿದ್ದಾರೆ. "ನಾಳೆ ಅದನ್ನ ನೀನೇ ಕತ್ತರಿಸು ಮಗಳೇ," ಎಂದರು.

ಅಪ್ಪ ಬೆಳೆಸಿದ್ದರಲ್ಲಿ ಉಳಿದಿರುವುದು ಅದೊಂದೇ. ನಾನು ಕತ್ತರಿಸುವುದಿಲ್ಲ.