ನಾನು ಶ್ರೀಮಂತನಾದ ಸುದ್ದಿಯ ಕುರಿತು ವಲಯಾಧ್ಯಕ್ಷರಿಗೆ

ನಮ್ಮ ಕ್ರೈಸ್ತ ಸಭೆಗಳ ಮಾನ್ಯ ವಲಯಾಧ್ಯಕ್ಷರೇ,

ನಾನು ಶ್ರೀಮಂತನಾಗಿದ್ದೇನೆಂಬ ಸುದ್ದಿ ನನಗೆ ತಮ್ಮ ಕರಪತ್ರದಿಂದ ತಿಳಿಯಿತು. ಮೊದಲೇ ಒಂದು ಮಾತು ತಿಳಿಸಿದ್ದರೆ ಹೆಂಡತಿಗಾದರೂ ಹೇಳಿ ಸಂತೋಷಪಡಿಸುತ್ತಿದ್ದೆ. ಬರುವ ತಿಂಗಳು ತೀರ್ಥಹಳ್ಳಿಯ ಉಜ್ಜೀವನ ಕೂಟದಲ್ಲಿ 'ಕರ್ತನು ಸಮೃದ್ಧಿಯಿಂದ ತುಂಬಿಸಿದ ಸಾಗರದ ಬೇಕರಿ ಮಾಲೀಕರಾದ ಶ್ರೀ ಇಮ್ಮಾನುವೇಲ ಸುಚಿತರು' ಸಾಕ್ಷಿ ಹೇಳುತ್ತಾರೆಂದೂ, ಅವರ ಬಾಗಿಲಲ್ಲಿ ಅನ್ಯಮತೀಯರು ಬೆಳಗಾದರೆ ಆಶೀರ್ವಾದಕ್ಕಾಗಿ ಸಾಲುಗಟ್ಟಿ ನಿಲ್ಲುತ್ತಾರೆಂದೂ ಅಚ್ಚು ಹಾಕಿಸಿ, ಸಾಗರದಿಂದ ಹೊಸನಗರದವರೆಗೆ ಕಂಡ ಗೋಡೆಗೆಲ್ಲ ಅಂಟಿಸಿದ್ದೀರಿ. ಆ ಕರಪತ್ರ ನನ್ನ ಒಲೆಯನ್ನು ಆರಿಸಿದೆ. ನನ್ನ ದೂರು ಇಷ್ಟೇ. ಖಾಸಗಿಯಾಗಿ ಬರೆದದ್ದಕ್ಕೆ ತಮ್ಮಿಂದ ಉತ್ತರ ಬಾರದ ಕಾರಣ, ಪತ್ರಿಕೆಯವರ ದಯೆಯಿಂದ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಕುಂದಾಪುರದಿಂದ ಘಟ್ಟ ಹತ್ತಿ ಬಂದ ನನಗೆ ಸಾಗರದಲ್ಲಿ ಒಂದು ಸಣ್ಣ ಬೇಕರಿ, ಅದಕ್ಕೆ ತಕ್ಕ ಸಣ್ಣ ಒಲೆ ಇತ್ತು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟುತ್ತಿದ್ದ ಕೂಲಿಗಳ ಚಹಾದಂಗಡಿಗಳಿಗೆ ಮುಂಜಾನೆಯ ಬಸ್ಸಿನಲ್ಲಿ ಬನ್ನು ಕಳಿಸುತ್ತಿದ್ದೆ. ಊಟಕ್ಕೆ ಕೊರತೆಯಿರಲಿಲ್ಲ. ಕೊರತೆಯಿದೆಯೆಂದು ನನಗೆ ತಿಳಿಸಿದವರು ತಾವು ಕಳಿಸಿದ ಪ್ರಸಂಗಿಗಳು. ನಮ್ಮ ಪುಟ್ಟ ದೇವಾಲಯಕ್ಕೆ ಅಗತ್ಯವೇ ಇಲ್ಲದ ಮೈಕಿನ ಮುಂದೆ ನಿಂತು ಅವರು ಹೇಳಿದರು: "ರಾಜನ ಮಕ್ಕಳು ತಿರುಕರ ಹಾಗೆ ಬದುಕಿದರೆ ಅವಮಾನ ಯಾರಿಗೆ? ರಾಜನಿಗೆ! ಬಡತನವೆಂದರೆ ನಂಬಿಕೆಯ ಬಡತನ. ಸಣ್ಣ ಪಾತ್ರೆ ಒಡ್ಡಿದವನಿಗೆ ದೇವರು ಎಷ್ಟು ತಾನೇ ಸುರಿದಾನು?"

ಪಾತ್ರೆಯೆಂದರೆ ಮನಸ್ಸು ಎಂದು ಅರ್ಥಮಾಡಿಕೊಂಡವರೂ ಆ ದಿನ ಇದ್ದಿರಬಹುದು. ನಾನು ಒಲೆ ಎಂದು ಅರ್ಥಮಾಡಿಕೊಂಡೆ. ಮನೆಗೆ ಬಂದು ನೋಡುತ್ತೇನೆ, ಇಷ್ಟು ದಿನ ಅನ್ನ ಹಾಕಿದ ಒಲೆ ದೇವರಿಗೆ ಮಾಡಿದ ಅವಮಾನದಂತೆ ಮೂಲೆಯಲ್ಲಿ ಕೂತಿದೆ! ಒಡೆದು ದೊಡ್ಡದು ಕಟ್ಟುತ್ತೇನೆಂದು ಹಾರೆ ಎತ್ತಿಕೊಂಡೆ. ಹೆಂಡತಿ ರೂತಮ್ಮ ಅಡ್ಡ ನಿಂತಳು.

"ಬೈಬಲಲ್ಲಿ ಕಣಜ ಒಡ್ದು ದೊಡ್ಡ ಕಣಜ ಕಟ್ತೇನೆ ಅಂದವ ಅದೇ ರಾತ್ರಿ ಸತ್ತದ್ದು ನಿಮಗೆ ನೆನಪುಂಟಾ?"

"ಅವನಿಗೆ ನಂಬಿಕೆ ಇರಲಿಲ್ಲ."

"ನಿಮಗೆ ಬುದ್ಧಿ ಇಲ್ಲ. ಎರಡೂ ಒಂದೇ."

ಒಡೆದೆ. ಮಳೆಗಾಲಕ್ಕೆಂದು ಕೂಡಿಟ್ಟದ್ದನ್ನೆಲ್ಲ ಸುರಿದು, ಒಂದು ಮದುವೆ ದಿಬ್ಬಣ ಒಳಗೆ ಕೂತು ಎದ್ದು ಬರಬಹುದಾದಂಥ ಒಲೆ ಕಟ್ಟಿಸಿದೆ. ಕೀರ್ತನೆ ಹಾಡಿ ಬೆಂಕಿ ಹಾಕಿದೆ. ಅದೇ ಸುಮಾರಿಗೆ ಅಣೆಕಟ್ಟಿನ ಕೆಲಸ ಮುಗಿದು, ನನ್ನ ಬನ್ನು ತಿನ್ನುತ್ತಿದ್ದ ಕೂಲಿಗಳು ಲಾರಿ ಹತ್ತಿ ಹೊರಟುಹೋದರು. ಕಟ್ಟಲು ತೊಡಗಿದ ಅಣೆಕಟ್ಟು ಒಂದಲ್ಲ ಒಂದು ದಿನ ಮುಗಿಯುತ್ತದೆಂಬುದು ಇಡೀ ಮೈಸೂರು ರಾಜ್ಯಕ್ಕೆ ಗೊತ್ತಿತ್ತು. ನನಗೊಬ್ಬನಿಗೆ ನಂಬಿಕೆಯ ಭರದಲ್ಲಿ ಹೊಳೆಯಲಿಲ್ಲ. ಮುಂದೇನು ಮಾಡಲೆಂದು ತಮ್ಮನ್ನು ಕೇಳಿದಾಗ, "ಇನ್ನೂ ಹೆಚ್ಚು ನಂಬಿ" ಎಂದಿರಿ. ನಂಬಿದೆ. ಒಲೆಯಲ್ಲಿ ಬೆಕ್ಕು ಮರಿ ಹಾಕಿತು. ಒಂದು ಬಗೆಯ ಸಮೃದ್ಧಿಯೆಂದು ಅದನ್ನೂ ಒಪ್ಪಿಕೊಂಡೆ.

ಆಮೇಲೆ ಅಕ್ಕಿಯ ಅಭಾವ ಬಂತು. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಯ ಬದಲು ಗೋಧಿ ಕೊಡತೊಡಗಿದರು. ಹೊಸನಗರದ ದಾರಿಯಲ್ಲಿ, ಊರಿನಿಂದ ಸ್ವಲ್ಪ ಆಚೆ, ಶರಾವತಿಯ ಹಿನ್ನೀರಿನಲ್ಲಿ ಗದ್ದೆ ಮನೆ ಕಳೆದುಕೊಂಡ ಗೇಣಿದಾರರ ಕುಟುಂಬಗಳು ಬಂದು ನೆಲೆಸಿದ್ದು ತಮಗೆ ಗೊತ್ತಿರಬಹುದು. ಅಲ್ಲಿಯ ಕೆರಿಯಮ್ಮ ಎಂಬ ಹೆಂಗಸು ಒಂದು ಬೆಳಿಗ್ಗೆ ಸೆರಗಿನಲ್ಲಿ ಗೋಧಿ ಹಿಟ್ಟು ಕಟ್ಟಿಕೊಂಡು ಬಂದಳು.

"ಬೇಕ್ರಿಯೋರೆ, ಇದ್ನ ಎಂತ ಮಾಡದು ಹೇಳಿ. ಗಂಜಿ ಕಾಸಿದ್ರೆ ಅಂಟಾಗ್ತದೆ. ಮಕ್ಳು ಬಾಯಿಗೇ ಹಾಕದಿಲ್ಲ."

ಬ್ರೆಡ್ಡು ಮಾಡಿಕೊಟ್ಟೆ. ಮರುದಿನ ಅಕ್ಕಪಕ್ಕದ ಹೆಂಗಸರನ್ನೂ ಕರೆತಂದಳು. ಸಣ್ಣ ಬೆಂಕಿಗೆ ಜಗ್ಗದ ಆ ರಾಕ್ಷಸ ಒಲೆಗೆ ಅಷ್ಟೂ ಮನೆಯ ಹಿಟ್ಟು ಒಟ್ಟಿಗೆ ಬೇಕೇ ಬೇಕಾಗಿತ್ತು. ಕೆರಿಯಮ್ಮನ ಗಂಡ ಬೆಳ್ಳಪ್ಪ ಸೌದೆ ಹೊತ್ತು ತಂದ. ರೂತಮ್ಮ ಹಿಟ್ಟು ನಾದುವುದನ್ನು ಕಲಿಸಿದಳು, ಅವರು ಅವಳಿಗೆ ಬೈಯುವ ಹೊಸ ಹೊಸ ಮಾತು ಕಲಿಸಿದರು. ಕೂಲಿಯೆಂದು ನನಗೆ ಸಿಗುತ್ತಿದ್ದದ್ದು ಬೆಂದ ಬ್ರೆಡ್ಡಿನಲ್ಲಿ ಒಂದು ಪಾಲು, ಸೌತೆಕಾಯಿ, ಒಮ್ಮೊಮ್ಮೆ ಹಲಸಿನ ಹಪ್ಪಳ. ಅವರ ಮಕ್ಕಳ ಹೊಟ್ಟೆ ತುಂಬಿತು, ನಮ್ಮದೂ ತುಂಬಿತು. ಲಾಭ ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ.

ಒಂದು ದಿನ ಒಲೆಯ ಮುಂದೆ ಕೂತಾಗ ಕೆರಿಯಮ್ಮ ಕೇಳಿದಳು, "ಮುಂಚೆ ನಿಮ್ ಬನ್ನು ಯಾರು ತಿಂತಿದ್ರು?"

"ಅಣೆಕಟ್ಟಿನ ಕೂಲಿಗಳು."

ಅವಳು ಒಲೆಗೆ ಒಂದು ಕೊಳ್ಳಿ ದೂಡಿ ಅಂದಳು, "ಹಂಗಾರೆ ನಿಮ್ ಬನ್ನು ತಿಂದೋರೇ ನಮ್ ಗದ್ದೆಗೆ ನೀರು ತುಂಬ್ಸಿದ್ದು."

ಕೋಪದಿಂದ ಹೇಳಿದ್ದಲ್ಲ. ಲೆಕ್ಕ ತಪ್ಪಿದವನಿಗೆ ತಿದ್ದಿ ಹೇಳುವ ಹಾಗೆ ಹೇಳಿದಳು. ಹಳೆಯ ಸಣ್ಣ ಒಲೆಗಾಗಿ ಪ್ರತಿದಿನ ಸ್ತೋತ್ರ ಹೇಳುತ್ತಿದ್ದ ನಾನು, ನನ್ನ ಬನ್ನು ಯಾರ ಮನೆಯ ಮೇಲೆ ಉಬ್ಬುತ್ತಿತ್ತೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಕುರಿಗಳಿಗೆ ತುಂಬಿ ತುಳುಕುವ ಜೀವ ಕೊಡಲು ಬಂದೆನೆಂದ ಕುರುಬನಾದ ನಮ್ಮ ಕರ್ತನು ಒಂದೇ ಕುರಿಯನ್ನು ಕೊಬ್ಬಿಸಲು ಬಂದಿರಲಿಕ್ಕಿಲ್ಲ ಎಂದು ಆಗ ಮೊದಲ ಸಲ ಅನ್ನಿಸಿತು. ಪ್ರಸಂಗಿಗಳ ಮೈಕಿನಲ್ಲಿ ಆ ಭಾಗ ಕೇಳಿಸಿರಲಿಲ್ಲ. ಕರೆಂಟು ಹೋಗಿತ್ತೇನೋ.

ಇಂಥ ಒಂದು ಬೆಳಿಗ್ಗೆ ತಮ್ಮ ಜೀಪು ಬಂದು ನಿಂತಿತು. ಹಿಟ್ಟು ಹಿಡಿದು ನಿಂತ ಹೆಂಗಸರ ಸಾಲು ನೋಡಿ ತಮ್ಮ ಮುಖ ಅರಳಿತು.

"ಸುಚಿತರೇ, ನಂಬಿಕೆ ಫಲಿಸಿತು!"

"ಅಯ್ಯಾ, ಇದು ವ್ಯಾಪಾರ ಅಲ್ಲ, ಇವರು ತಮ್ಮ ಹಿಟ್ಟನ್ನೇ..."

"ವಿನಯ! ವಿನಯ!" ಎಂದು ಬೆನ್ನು ತಟ್ಟಿದಿರಿ.

ನಾನು ಅಲ್ಲೇ ಗಟ್ಟಿಯಾಗಿ ಹೇಳಬೇಕಿತ್ತು. ಆದರೆ ವಲಯಾಧ್ಯಕ್ಷರ ಕೈ ಬೆನ್ನ ಮೇಲೆ ಬೀಳುವುದು ನನ್ನಂಥವನಿಗೆ ದಿನಾ ಸಿಗುವ ಭಾಗ್ಯವಲ್ಲ. ಒಳ್ಳೆಯ ಕಪ್ಪಿನಲ್ಲಿ ಚಹಾ ಕೊಟ್ಟು, ಹಲ್ಲು ಕಿರಿದು, ಜೀಪಿನವರೆಗೆ ಬಂದು ಕೈಮುಗಿದೆ. ತಮ್ಮ ಕರಪತ್ರದ ಅರ್ಧ ಭಾಗವನ್ನು ಬರೆದದ್ದು ನನ್ನ ಆ ಹಲ್ಲುಗಳೇ.

ಕರಪತ್ರವನ್ನು ಬೆಳ್ಳಪ್ಪ ಬಸ್‌ಸ್ಟ್ಯಾಂಡಿನಲ್ಲಿ ಯಾರಿಂದಲೋ ಓದಿಸಿಕೊಂಡ. ಮರುದಿನ ಒಲೆ ಕಾಯಿಸಿ ಕೂತೆ, ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನೇ ಅವರಲ್ಲಿಗೆ ಹೋದೆ. ಬೆಳ್ಳಪ್ಪ ಅಂಗಳದಲ್ಲೇ ತಡೆದ.

"ಹಿಟ್ಟು ನಮ್ದು, ಸೌದೆ ನಮ್ದು. ಆಶೀರ್ವಾದ ಕೊಡಿ ಅಂತ ನಿಮ್ಮನ್ನ ಯಾವತ್ತು ಕೇಳಿದ್ವಿ?"

"ಕೇಳಿಲ್ಲ. ಅದನ್ನು ಬರೆದದ್ದು ನಾನಲ್ಲ."

"ಗದ್ದೆ ಹೋತು, ಮನೆ ಹೋತು. ಆದ್ರೂ ಬೇಡೋರು ಅಂತ ಯಾರೂ ಅಂದಿರ್ಲಿಲ್ಲ. ಈಗ ಅದೂ ಆತು. ಬ್ರೆಡ್ಡಿನ ಆಸೆಗೆ ಜಾತಿ ಬಿಡ್ತಾರೆ ಅಂತ ಊರೋರು ನಗ್ತಾ ಇದಾರೆ."

ತಪ್ಪಾಯಿತು, ಎಲ್ಲರಿಗೂ ನಾನು ತಿಳಿಸಿ ಹೇಳುತ್ತೇನೆ ಎಂದೆ. ಒಳಗಿನಿಂದ ಕೆರಿಯಮ್ಮ ಬಂದಳು. ಅವಳ ಹಿಂದೆ ಒಲೆಯ ಮೇಲೆ ಅದೇ ಅಂಟಿನ ಗಂಜಿ ಕುದಿಯುತ್ತಿತ್ತು.

"ನೀವು ಹೇಳಿದ್ರೆ ನಿಮ್ ಮಾತಾತು. ಅವ್ರ ಮಾತು ಗೋಡೆ ಮೇಲೇ ಇರ್ತದೆ. ಬರೆದೋರು ಬಂದು ಹೇಳ್ಲಿ. ಆಮೇಲೆ ಹಿಟ್ಟು ತರ್ತೀವಿ" ಎಂದಳು. ಒಳಗೆ ಹೋಗಲು ತಿರುಗಿ, "ರೂತಮ್ಮ ಹೆಂಗಿದಾರೆ?" ಎಂದು ಕೇಳಿದಳು. ತಲೆ ಆಡಿಸಿ ಬಂದೆ.

ಮಾನ್ಯರೇ, ಸಮೃದ್ಧಿಯನ್ನು ತಾವು ಬಲ್ಲಿರಿ, ತಮಗೆ ಜೀಪಿದೆ. ನಾನು ಬಲ್ಲದ್ದು ಸ್ವಲ್ಪ. ಆ ಬೆಳಗುಗಳಲ್ಲಿ ನನ್ನ ಮನೆಯಲ್ಲಿ ಏನೋ ತುಂಬಿತ್ತು, ಈಗ ಅದಿಲ್ಲ. ಅದಕ್ಕೆ ತಾವು ಕೊಟ್ಟ ಹೆಸರು ತಪ್ಪು, ಸರಿಯಾದ ಹೆಸರು ನನಗೆ ಗೊತ್ತಿಲ್ಲ. ಆ ಜನರನ್ನು ಅವಮಾನಿಸಿ ಯಾವ ದೇವರ ಮಹಿಮೆಯನ್ನು ತಾವು ಹೆಚ್ಚಿಸಿದಿರಿ? ಹಿಟ್ಟು ಸೌದೆ ಎರಡನ್ನೂ ತಂದವರು ಭಿಕ್ಷುಕರು, ಹಪ್ಪಳ ತಿಂದು ಕೂತ ನಾನು ದಾನಿ! ಇದು ಯಾವ ರಾಜ್ಯದ ನ್ಯಾಯ?

ಆದ್ದರಿಂದ ನನ್ನ ಹಕ್ಕೊತ್ತಾಯ. ಗೋಡೆಗಳ ಮೇಲಿನ ಕಾಗದಗಳನ್ನು ತಾವು ಕೀಳಿಸಬೇಕು. ಬೇರೆ ಯಾರನ್ನೂ ಕಳಿಸದೆ ತಾವೇ ಬಂದು, ಬೆಳ್ಳಪ್ಪನ ಅಂಗಳದಲ್ಲಿ ನಿಂತು, ಬರೆದದ್ದು ಸುಳ್ಳೆಂದು ಹೇಳಬೇಕು. ಅಲ್ಲಿಯವರೆಗೆ ಜೀಪು ಹೋಗುವುದಿಲ್ಲ, ಕೊನೆಗೆ ಸ್ವಲ್ಪ ನಡೆಯಬೇಕಾಗುತ್ತದೆ. ತೀರ್ಥಹಳ್ಳಿಗೆ ನಾನು ಬರಲು ಸಿದ್ಧ. ಆದರೆ ಬೆಕ್ಕಿನ ಮರಿಗಳಿಂದ ಹಿಡಿದು ಎಲ್ಲವನ್ನೂ ಹೇಳುತ್ತೇನೆ. ಅದು ಬೇಡವಾದರೆ ನನ್ನ ಹೆಸರನ್ನು ಹೊಡೆದುಹಾಕಿ.

ಬರುವ ದಿನವನ್ನು ಮುಂಚೆಯೇ ತಿಳಿಸಿ. ತಮ್ಮ ಪ್ರಸಂಗಿಗಳ ಮಾತು ನಂಬಿ ಕಟ್ಟಿಸಿದ, ಈಗ ತಣ್ಣಗಾಗಿರುವ ಈ ಒಲೆ ಅವರ ಹಿಟ್ಟಿಗೆ ಮತ್ತೆ ಬಿಸಿಯಾಗಲು ಒಂದಿಡೀ ಹಗಲು ಬೇಕು.

ಇಂತಿ,
ತಮ್ಮ ಕರಪತ್ರದ ಹೊರಗೆ ಎಲ್ಲಿಯೂ ಶ್ರೀಮಂತನಾಗದ,
ಇಮ್ಮಾನುವೇಲ ಸುಚಿತ
ಸಾಗರ, ೧೯೬೬

(ರೂತಮ್ಮ ಓದಿ ಒಪ್ಪಿದ್ದಾಳೆ. ಬೈಗುಳ ಕಡಿಮೆಯಾಯಿತೆಂಬುದಷ್ಟೇ ಅವಳ ಆಕ್ಷೇಪಣೆ.)