ಒಂದೇ ಬೀಜದ ಹತ್ತು ಸಾವಿರ ನಾಳೆಗಳು

ಹೊಸಬೆಂಗ್ರೆ
ಎರಡನೇ ಆಷಾಢದ ಇಪ್ಪತ್ತಾರನೇ ದಿನ, ೨೧೯೧

ಹಿಂದಿನ ಕಾಲದ ಹಿರಿಯರಿಗೆ,

ಈ ತಾರೀಖು ನಿಮಗೆ ತಪ್ಪೆನಿಸಬಹುದು. ಮಳೆಗಾಲ ಉದ್ದವಾದ ಮೇಲೆ ನಾವು ಪ್ರತಿ ವರ್ಷವೂ ಆಷಾಢವನ್ನು ಎರಡು ಮಾಡಿಕೊಂಡಿದ್ದೇವೆ. ನನ್ನ ಮಾತಿನಲ್ಲಿ ನಿಮಗೆ ಗುರುತಿಲ್ಲದ ಪದಗಳೂ ಬಂದಾವು, ಮನ್ನಿಸಿ.

ನಾನು ಜಲಜಾಕ್ಷಿ ಮೊಗವೀರ. ನಾಳೆಮನೆಯಲ್ಲಿ ಕೆಲಸಕ್ಕಿದ್ದೆ. ಸಮುದ್ರದ ಮರುದಿನವನ್ನು ಯಂತ್ರದೊಳಗೆ ಹತ್ತು ಸಾವಿರ ಸಲ ಆಡಿಸಿ ನೋಡುವ ಕಚೇರಿ ಅದು. ಪ್ರತಿ ಆಟಕ್ಕೂ ಒಂದು ಬೀಜಸಂಖ್ಯೆ ಕೊಡಬೇಕು. ಗಾಳಿ ಎತ್ತ ತಿರುಗಿತು, ಅಲೆ ಎಷ್ಟು ಎದ್ದಿತು ಎಂಬ ಆಕಸ್ಮಿಕಗಳೆಲ್ಲ ಅದರಿಂದಲೇ ಮೊಳೆಯುತ್ತವೆ. ಬೀಜ ಒಂದೇ ಆದರೆ ಅದೇ ಗಾಳಿ, ಅದೇ ಅಲೆ, ಅದೇ ಕ್ರಮದಲ್ಲಿ ಮತ್ತೆ ಬರುತ್ತವೆ. ಇನ್ನೂರಕ್ಕಿಂತ ಹೆಚ್ಚು ನಾಳೆಗಳಲ್ಲಿ ತಡೆಗೋಡೆ ಒಡೆದರೆ ಕೆಳಕೇರಿಯವರು ಒಲೆ ಆರಿಸಿ, ತೇಲುಪೆಟ್ಟಿಗೆ ಹೊತ್ತು ಗುಡ್ಡದ ಶಾಲೆಗೆ ಏರುತ್ತಾರೆ. ತೇಲುಪೆಟ್ಟಿಗೆಯೆಂದರೆ ನೀರಿಗೆ ಬಿದ್ದರೂ ಮುಳುಗದ ಟ್ರಂಕು. ಅಕ್ಕಿ, ಔಷಧ, ಮನೆಯ ಪತ್ರಗಳು ಅದರಲ್ಲಿರುತ್ತವೆ. ಮದುವೆಗೆ ತವರಿನವರು ಈಗ ಅದನ್ನೇ ಕೊಡುವುದು.

ಮೊದಲ ಆಷಾಢದಲ್ಲಿ ಪ್ರೋಗ್ರಾಮಿನಲ್ಲೊಂದು ದೋಷ ಕಂಡಿತು. ಅದನ್ನು ಹಿಡಿಯಲು ಒಂದೇ ಬಿರುಗಾಳಿ ಪದೇ ಪದೇ ಬರಬೇಕಿತ್ತು. ಎಲ್ಲ ಆಟಗಳಿಗೂ ಹದಿನೇಳು ಎಂಬ ಬೀಜವನ್ನೇ ಕೊಟ್ಟೆ. ಮೂರು ದಿನಕ್ಕೆ ದೋಷ ಸಿಕ್ಕಿತು, ಸರಿಪಡಿಸಿದೆ. ಹದಿನೇಳನ್ನು ತೆಗೆಯಲು ಮರೆತೆ.

ಮರುದಿನ ಊರಿನ ಫಲಕದಲ್ಲಿ ಬಂತು: ಹತ್ತು ಸಾವಿರಕ್ಕೆ ಹತ್ತು ಸಾವಿರ, ಕ್ಷೇಮ. ಕೆಳಕೇರಿಯಲ್ಲಿ ಮೀನು ಹುರಿದು ಹಂಚಿದರು. ನನ್ನ ಮನೆಗೂ ಬಂತು. ಎಂಟು ದಿನ ಅದೇ ಉತ್ತರ. ಗೋಡೆಯ ಬಾಗಿಲು ಕಾಯುವ ಬಚ್ಚಣ್ಣ ಮಾತ್ರ ಕಚೇರಿಗೆ ಬಂದು ಕುಳಿತರು.

"ಜಲಜಕ್ಕ, ಒಂದ್ ಸಲುವೂ ಗ್ವಾಡಿ ಒಡಿಲಿಲ್ಯಾ?"

"ಇಲ್ಲ ಬಚ್ಚಣ್ಣ. ದೋಷ ಸರಿ ಮಾಡಿದೆ ಅಲ್ದಾ?"

"ಕವಡಿ ಹತ್ ಸಲ ಹಾಕ್ರೂ ಬೇರೆ ಬೇರೆ ಬೀಳತ್ತ್. ಇದೆಂತ, ಹತ್ ಸಾವ್ರ ಸಲುವೂ ಒಂದೇ? ಇನ್ನೊಂದ್ ಸಲ ಕಾಣಿ, ಮಾರಾಯ್ರೆ."

ನಾಳೆ ಕಾಣ್ತೆ ಎಂದೆ. ಹೊಗಳಿಕೆಯ ಅಮಲಿನಲ್ಲಿದ್ದೆ, ಸುಳ್ಳೇಕೆ.

ಮರುದಿನ ಊಟದ ಹೊತ್ತಿಗೆ ಗೋಡೆ ತೆಂಕು ಬದಿಯಲ್ಲಿ ಒಡೆಯಿತು. ಮೂವತ್ತೊಂದು ಜನ ಹೋದರು. ಬಾಗಿಲು ಎಳೆಯಲು ಓಡಿದ ಬಚ್ಚಣ್ಣನವರ ಹೆಣವೂ ಸಿಗಲಿಲ್ಲ. ಕೇರಿಯ ಮೇಲೆ ತೇಲುಪೆಟ್ಟಿಗೆಗಳು ಒಂದಕ್ಕೊಂದು ತಾಗುತ್ತ ತಿರುಗುತ್ತಿದ್ದವು. ಪ್ರೋಗ್ರಾಮು ತೆರೆದೆ; ಹದಿನೇಳು ಅಲ್ಲೇ ಇತ್ತು. ಒಂದೇ ನಾಳೆಯನ್ನು ಹತ್ತು ಸಾವಿರ ಸಲ ನೋಡಿ ನಾವು ಧೈರ್ಯ ತಂದುಕೊಂಡಿದ್ದೆವು.

ಊರಿನ ಸಭೆಯಲ್ಲಿ ಒಪ್ಪಿಕೊಂಡೆ. ಬಚ್ಚಣ್ಣನವರ ಹೆಂಡತಿ ಶೇಷಿಯಮ್ಮ ಕೇಳಿದ್ದು ಇಷ್ಟೇ: "ಅವ್ರ್ ನಿಂಗೆ ಹೇಳಿರ್ ಅಲ್ದಾ?"

ನಿಮ್ಮ ಕಾಲದಲ್ಲಿ ಇಂಥ ಯಂತ್ರಗಳು ಇನ್ನೂ ಎಳೆಯವು. ಪ್ರತಿ ಆಟಕ್ಕೂ ಬೇರೆ ಬೀಜ ಹಾಕಿ. ಯಾವ ಬೀಜಕ್ಕೆ ಯಾವ ಉತ್ತರ ಬಂತೆಂದು ಬರೆದಿಡಿ. ಪರೀಕ್ಷೆಗೆ ನೆಟ್ಟದ್ದನ್ನು ಕಿತ್ತೇ ಮನೆಗೆ ಹೋಗಿ. ಅನುಮಾನ ಹೇಳಲು ಬಂದವರಿಗೆ ನಾಳೆ ಬನ್ನಿ ಎನ್ನಬೇಡಿ.

ನಾನು ಸರಿಪಡಿಸಿದ ಪ್ರೋಗ್ರಾಮಿನ ಪ್ರತಿ ಇನ್ನೂ ಏಳು ಊರುಗಳಿಗೆ ಹೋಗಿತ್ತು. ಎಲ್ಲರಿಗೂ ಬರೆದೆ, ಆರು ಊರಿನವರು ಹದಿನೇಳನ್ನು ಕಿತ್ತರು. ಏಳನೆಯ ಊರಿನ ಉತ್ತರ ಇವತ್ತು ಬೆಳಗ್ಗೆ ಬಂತು: "ನಮ್ಮಲ್ಲಿ ದಿನವೂ ಹತ್ತು ಸಾವಿರಕ್ಕೆ ಹತ್ತು ಸಾವಿರ ಬರುತ್ತಿದೆ. ಜನರನ್ನು ಹೆದರಿಸಬೇಡಿ."

ಅದಾದ ಮೇಲೆ ಎದ್ದ ಬಿರುಗಾಳಿಗೆ ಫೋನಿನ ಕಂಬಗಳು ಉರುಳಿವೆ, ದೋಣಿಗಳಿಲ್ಲ. ನಡೆದೇ ಹೊರಟಿದ್ದೇನೆ. ಐದು ದಿನದ ದಾರಿ. ಅಮಾವಾಸ್ಯೆಯ ಉಬ್ಬರಕ್ಕೆ ನಾಲ್ಕು ದಿನವಿದೆ.

ಜಲಜಾಕ್ಷಿ