ದೋಸೆಯ ಜೊತೆ ಕೊಟ್ಟ ಮಾತ್ರೆ

ಕೋಡಿಂಬಾಳ
14-11-2025

ಅವ್ವನಿಗೆ,

ಭವಿತಾ ಮಾಡುವ ನಮಸ್ಕಾರ. ಅಭ್ಯಾಸದಿಂದ ಬರೆದದ್ದು, ಮನಸ್ಸಿನಿಂದಲ್ಲ. ಫೋನಿನಲ್ಲಾದರೆ ನೀನು ಅಳುತ್ತೀ, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಅದಕ್ಕೇ ಈ ಕಾಗದ. ಬೆಳ್ಳಾರೆ ಕಡೆ ಹೊರಟ ಇವರ ಜೀಪಿನಲ್ಲಿ ಕಳಿಸುತ್ತಿದ್ದೇನೆ, ನಿನ್ನ ಕೈಗೇ ಕೊಡಲು ಹೇಳಿದ್ದೇನೆ.

ತಮ್ಮ ಲತೀಶನ ಮಗುವನ್ನು ತೊಟ್ಟಿಲಿಗೆ ಹಾಕಲು ಬಾ, ಸೋದರತ್ತೆಯೇ ಕಿವಿಯಲ್ಲಿ ಹೆಸರು ಹೇಳಬೇಕು ಎಂದು ದಿನಾ ಕರೆಯುತ್ತಿದ್ದೀ. ಹೋದ ವಾರ ನಾನು ಊಟವನ್ನೂ ಮಾಡದೆ ಯಾಕೆ ಎದ್ದು ಬಂದೆ ಎಂಬುದು ನಿನಗೆ ಮರೆತೇ ಹೋಯಿತಾ?

ಮಗುವನ್ನು ನೋಡಲು ಬಂದವಳು ನಾನು. ಕಾಲು ತೊಳೆದು ಒಳಗೆ ಬರುವಾಗ ನೀನು ಪಕ್ಕದ ಮನೆಯ ಪೂವಮ್ಮಕ್ಕನಿಗೆ ಹೇಳುತ್ತಿದ್ದಿ. ಕೊರೊನಾ ಬಂದಾಗ ಭವಿತಾಳ ಮಾತ್ರೆಯನ್ನು ಲತೀಶನಿಗೆ ದೋಸೆಯ ಜೊತೆ ವಿಟಮಿನ್ ಎಂದು ತಿನ್ನಿಸಿದೆ, ಊರಿಗೆಲ್ಲ ಜ್ವರ ಬಂದರೂ ಅವನಿಗೆ ಒಂದು ಸೀನು ಬರಲಿಲ್ಲ ಎಂದು. ಏನು ಜಂಬ ನಿನ್ನ ದನಿಯಲ್ಲಿ!

ನನ್ನ ಕಾಯಿಲೆ ನಿನಗೆ ಗೊತ್ತಿಲ್ಲದ್ದಾ? ಮೈಯೇ ಮೈಯನ್ನು ತಿನ್ನುವ ಲೂಪಸ್ ಅದು. ಅದನ್ನು ತಣ್ಣಗೆ ಮಲಗಿಸಿ ಇಡುವುದು ಆ ಮಾತ್ರೆ. ಆ ವರ್ಷ ಶಿವರಾತ್ರಿಯ ಹೊತ್ತಿಗೆ ಡಾಕ್ಟರು, ಇನ್ನು ಧೈರ್ಯವಾಗಿ ಮಗುವಿನ ಯೋಚನೆ ಮಾಡಬಹುದು ಎಂದಿದ್ದರು. ಇವರಿಗಿಂತ ಮೊದಲು ನಿನಗೆ ಹೇಳಿದ್ದೆ. ನೀನು ಸುಬ್ರಹ್ಮಣ್ಯಕ್ಕೆ ಹರಕೆಯನ್ನೂ ಹೊತ್ತಿದ್ದಿ.

ಅಷ್ಟರಲ್ಲಿ ಊರೆಲ್ಲ ಬಂದ್. ಆ ಮಾತ್ರೆ ತಿಂದರೆ ಕೊರೊನಾ ಹತ್ತಿರ ಬರುವುದಿಲ್ಲ ಎಂದು ಟಿವಿಯವರು ಬೊಬ್ಬೆ ಹೊಡೆದರು, ಗಟ್ಟಿಮುಟ್ಟಾದವರೆಲ್ಲ ಅಂಗಡಿ ಖಾಲಿ ಮಾಡಿದರು. ಅದು ಸುಳ್ಳೆಂದು ಗೊತ್ತಾಗುವಾಗ ನನ್ನ ಕಥೆ ಮುಗಿದಿತ್ತು. ಕಡಬದ ಮೆಡಿಕಲಿನಲ್ಲಿ ಸಿಗದಾಗ ನಾನು ನಿನಗೆ ಫೋನ್ ಮಾಡಿದೆ, ಲತೀಶ ಪುತ್ತೂರಿಗೆ ಹೋಗಿ ತಂದ. ತರಕಾರಿ ಜೀಪಿನಲ್ಲಿ ಕಳಿಸಿದ್ದೇನೆ ಎಂದು ಅವನಿಗೆ ಹೇಳಿದಿ, ಅದನ್ನೂ ನೀನು ಪೂವಮ್ಮಕ್ಕನಿಗೆ ಹೇಳುವಾಗಲೇ ಕೇಳಿಸಿಕೊಂಡೆ. ಪುತ್ತೂರಿನಲ್ಲೂ ಇಲ್ಲವಂತೆ ಎಂದು ನನಗೆ ಹೇಳಿದಿ.

ಮಳೆಗಾಲದ ಆಟಿ ತಿಂಗಳಿಗೆ ನನ್ನ ಮುಖ ಊದಿ, ರವಿಕೆಯ ಹುಕ್ಕು ಹಾಕಲು ಬೆರಳು ಮಡಚದೆ, ಕೊನೆಗೆ ಕಾಯಿಲೆ ಕಿಡ್ನಿಗೇ ಹೊಡೆಯಿತು. ಮಂಗಳೂರಿನ ಡಾಕ್ಟರು ಮಗುವಿನ ಆಸೆ ಬಿಡಿ ಎಂದರು. ಆಗ ಆಸ್ಪತ್ರೆಯಲ್ಲಿ ನನ್ನ ತಲೆ ಸವರಿ, ಎಲ್ಲ ಹಣೆಬರಹ ಎಂದಿ. ಹಣೆಬರಹವಂತೆ! ನನ್ನ ತಲೆ ಸವರಲು ನಿನಗೆ ಕೈ ಹೇಗೆ ಬಂತು?

ಅಂದು ಲತೀಶ ಮಂಚದ ಹತ್ತಿರ ಬಂದರೆ ನಾನು ಗೋಡೆಗೆ ತಿರುಗಿ ಮಲಗಿದೆ. ಅಕ್ಕನಿಗೆ ಒಂದು ಮಾತ್ರೆ ಹುಡುಕಿ ತರಲಾರದವ ಎಂತ ತಮ್ಮ ಎಂದು ಇಷ್ಟು ವರ್ಷ ಉರಿದುಕೊಂಡೆ. ನೀನು ಎಲ್ಲ ನೋಡುತ್ತಾ ಸುಮ್ಮನೆ ಕೂತಿ.

ಹೋದ ವಾರ ಅಡುಗೆಮನೆಯಲ್ಲಿ ಕೇಳಿದಾಗಲಾದರೂ ತಪ್ಪಾಯಿತು ಎಂದಿಯಾ? ಒಲೆಯಿಂದ ಕಣ್ಣು ತೆಗೆಯದೆ ನೀನು ಅಂದದ್ದು ಇಷ್ಟು: "ಅವ ಹೊರಗೆ ತಿರುಗುವವ. ನೀನು ಮನೆಯೊಳಗೇ ಇದ್ದವಳಲ್ವಾ, ನಿನಗೆ ಎಂತ ಆಗ್ತದೆ ಅಂತ ಮಾಡಿದೆ."

ಕಾಯಿಲೆಯವಳು ಹೇಗೂ ಕಾಯಿಲೆಯವಳೇ, ಗಟ್ಟಿ ಇರುವವನನ್ನು ಉಳಿಸಿಕೊಳ್ಳುವ ಎಂದು ಲೆಕ್ಕ ಹಾಕಿದಿ. ಇಬ್ಬರನ್ನೂ ಹೆತ್ತವಳು ನೀನೇ ಅಲ್ಲವಾ? ನನಗೆ ಹೊಟ್ಟೆ ಉರಿಯುತ್ತದೆ ಅವ್ವ. ಮಗುವಿನ ಮೇಲಲ್ಲ, ನಿನ್ನ ಮೇಲೆ. ತೊಟ್ಟಿಲಿಗೆ ನಾನು ಬರುವುದಿಲ್ಲ. ಹೆಸರು ಬೇರೆ ಯಾರಾದರೂ ಹೇಳಲಿ.

ಇಷ್ಟೇ,
ಭವಿತಾ

ತಾ.ಕ.: ಕಾಗದ ಮಡಚುವಾಗ ಲತೀಶನ ಫೋನ್ ಬಂತು. ಅಕ್ಕ ಬಾರದೆ ಮಗುವನ್ನು ತೊಟ್ಟಿಲಿಗೆ ಹಾಕುವುದೇ ಇಲ್ಲವಂತೆ. ತಾನು ಎಂತ ತಪ್ಪು ಮಾಡಿದ್ದೇನೆಂದು ಕೇಳಿದ. ಆಮೇಲೆ, "ಅಕ್ಕ, ಆಗ ರಸ್ತೆ ಬಂದ್ ಇರುವಾಗ ನಾನು ಪುತ್ತೂರಿಗೆ ನಡೆದು ಹೋಗಿ ತಂದ ಮಾತ್ರೆ ನಿನಗೆ ಸಿಕ್ಕಿತ್ತಲ್ಲ?" ಎಂದ.

ಸಿಕ್ಕಿತ್ತು ಎಂದೆ. ಆ ಸುಳ್ಳು ಅವನಿಗಾಗಿ ಹೇಳಿದ್ದು, ನಿನಗಾಗಿ ಅಲ್ಲ. ತೊಟ್ಟಿಲಿಗೆ ಬರುತ್ತೇನೆ. ಅಷ್ಟರೊಳಗೆ ನೀನೇ ಅವನನ್ನು ಕೂರಿಸಿ ನಿಜ ಹೇಳಿರಬೇಕು. ಇಲ್ಲದಿದ್ದರೆ ಮಗುವಿಗೆ ಹೆಸರು ಹೇಳಿದ ಬಾಯಲ್ಲೇ ನಾನು ಹೇಳುತ್ತೇನೆ, ನೆಂಟರೆಲ್ಲ ಕೂತಿರುವಾಗ.